ಖಾಲಿ ಸ್ಟ್ರಿಪ್, ತುಂಬಿದ ಡಬ್ಬಿ: ಒಂದು ಪ್ರಕರಣ ಅಧ್ಯಯನ

ಮಗು: ಹೆಣ್ಣು, ಎರಡೂವರೆ ವರ್ಷ, ತೂಕ 12 ಕೆಜಿ.
ನುಂಗಿದ್ದು: ಗರ್ಭಿಣಿಯರಿಗೆ ಸರ್ಕಾರದಿಂದ ಕೊಡುವ ಕೆಂಪು ಕಬ್ಬಿಣಾಂಶದ ಮಾತ್ರೆ.
ಎಲ್ಲಿ: ಜಗಳೂರು ತಾಲ್ಲೂಕಿನ ಒಂದು ಹಳ್ಳಿ, ತಾಯಿಯ ತವರುಮನೆ.
ಎಷ್ಟು: ಮೊದಲು ಹೇಳಿದ್ದು ನಾಲ್ಕೈದು. ಕೊನೆಗೆ ಗೊತ್ತಾಗಿದ್ದು 17.

ಕೊನೆಯ ಆ ಸಾಲಿಗಾಗಿಯೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡುವವರಿಗೆ ವಿಷ ಸೇವನೆಯ ಕೇಸು ಹೊಸದೇನಲ್ಲ. ಮಾತ್ರೆ ಎತ್ತರದಲ್ಲಿಡಿ, ಔಷಧಿಗೆ ಬೀಗ ಹಾಕಿ ಅಂತ ನಾವು ದಿನಾ ಹೇಳುತ್ತೇವೆ, ಅವರೂ ದಿನಾ ತಲೆಯಾಡಿಸುತ್ತಾರೆ. ಆದರೆ ಈ ಮಗುವನ್ನು ಸಾವಿನ ಹತ್ತಿರ ತಂದದ್ದು ಮಾತ್ರೆ ಇಟ್ಟ ಜಾಗ ಒಂದೇ ಆಗಿರಲಿಲ್ಲ. ತಾಯಿ ಒಂದು ವಿಷಯವನ್ನು ಮುಚ್ಚಿಟ್ಟಿದ್ದಳು. ಯಾಕೆ ಮುಚ್ಚಿಟ್ಟಳು ಅನ್ನುವುದು ಗೊತ್ತಾಗದೆ ಈ ಕೇಸು ಅರ್ಥವಾಗುವುದಿಲ್ಲ. ಗುರುತು ಸಿಗಬಾರದು ಅಂತ ಹೆಸರು, ಊರು ಬಿಟ್ಟಿದ್ದೇನೆ.

ಆ ದಿನದ ಬೆಳಿಗ್ಗೆ

ತಾಯಿಗೆ ಎರಡನೇ ಬಸಿರು, ಎಂಟನೇ ತಿಂಗಳು. ಗಂಡನ ಮನೆ ಹರಿಹರದ ಕಡೆ. ಕುಬುಸ ಮುಗಿಸಿಕೊಂಡು ಹೆರಿಗೆಗೆ ಅಂತ ತವರಿಗೆ ಬಂದಿದ್ದಳು. ಮೆಕ್ಕೆಜೋಳದ ಸುಗ್ಗಿ ಕಾಲ. ಮನೆ ಮುಂದಿನ ರಸ್ತೆ ತುಂಬ ಕಾಳು ಹರವಿತ್ತು. ಅಜ್ಜ ಅಜ್ಜಿ ಇಬ್ಬರೂ ಹೊರಗೆ, ಮೋಡ ಬೇರೆ ಕಟ್ಟಿತ್ತು. ತಾಯಿ ಕಾಲು ಬಾತಿದೆ ಅಂತ ಒಳಗೆ ಮಲಗಿದ್ದಳು. ಪಕ್ಕದಲ್ಲಿ ಆಡುತ್ತಿದ್ದ ಮಗು ಮಂಚದ ಕೆಳಗಿದ್ದ ಏರ್‌ಬ್ಯಾಗಿನ ಜಿಪ್ ಎಳೆಯಿತು.

ಬ್ಯಾಗಿನಲ್ಲಿ ತಾಯಿ ಕಾರ್ಡು, ಸ್ಕ್ಯಾನಿಂಗ್ ಕವರು, ಎರಡು ಸೀರೆ, ಒಂದು ಚಿಕ್ಕ ಪ್ಲಾಸ್ಟಿಕ್ ಡಬ್ಬಿ. ಡಬ್ಬಿ ಮೊದಲು ಸಕ್ಕರೆ ಸೋಂಪಿನದಾಗಿತ್ತು. ಬಣ್ಣದ ಸಕ್ಕರೆ ಹಚ್ಚಿದ ಸೋಂಪು ಬರುತ್ತದಲ್ಲ, ಅದು. ಊಟ ಆದ ಮೇಲೆ ಮಗುವಿನ ಕೈಗೂ ನಾಲ್ಕು ಕಾಳು ಹಾಕುವುದು ಆ ಮನೆಯ ರೂಢಿ. ಹಾಗಾಗಿ ಡಬ್ಬಿಯ ಮುಚ್ಚಳ ತಿರುಗಿಸುವುದು ಮಗುವಿಗೆ ಗೊತ್ತಿತ್ತು. ಒಳಗಿದ್ದದ್ದು ತಿನ್ನುವ ಪದಾರ್ಥ ಅಂತಲೂ ಗೊತ್ತಿತ್ತು, ಅದರ ಲೆಕ್ಕದಲ್ಲಿ. ಕೆಂಪಗೆ, ದುಂಡಗೆ, ಮೇಲೆ ಸಕ್ಕರೆ ಲೇಪ. ಮೊದಲ ಚಪ್ಪರಿಕೆಗೆ ಸಿಹಿಯೇ. ಕೆಲವನ್ನು ಮಗು ಚೀಪಿ ಬಣ್ಣ ಹೋದ ಮೇಲೆ ಉಗುಳಿದೆ, ಕೆಲವನ್ನು ಅಗಿದಿದೆ, ಉಳಿದವನ್ನು ಹಾಗೇ ನುಂಗಿದೆ.

ಸುಮಾರು 11 ಗಂಟೆಗೆ ಅಜ್ಜಿ ನೀರು ಕುಡಿಯಲು ಒಳಗೆ ಬಂದಾಗ ಮಗುವಿನ ತುಟಿ, ಗಲ್ಲ, ಅಂಗಿ ಎಲ್ಲ ಕೆಂಪು. ಮೊದಲು ರಕ್ತ ಅಂದುಕೊಂಡರಂತೆ. ಆಮೇಲೆ ಡಬ್ಬಿ ಕಂಡಿತು.

ಅಲ್ಲಿಂದ ಮುಂದಿನ ಅರ್ಧ ಗಂಟೆ ನಮ್ಮ ಕಡೆಯ ಎಲ್ಲ ಮನೆಗಳಲ್ಲೂ ನಡೆಯುವಂಥದ್ದೇ. ಪಕ್ಕದ ಮನೆಯ ದೊಡ್ಡಮ್ಮ ಉಪ್ಪುನೀರು ಕುಡಿಸಿ ಕಕ್ಕಿಸಿ ಅಂದರು. ಇನ್ನೊಬ್ಬರು ಹುಣಸೆಹುಳಿ ಕಿವುಚಲು ಹೋದರು. ಅಜ್ಜ ಮಾತ್ರ "ಕುಡಿಸಾದು ಪಡಿಸಾದು ಏನೂ ಬ್ಯಾಡ, ಗಾಡಿ ತೆಗೀರಿ" ಅಂತ ಜೋರು ಮಾಡಿದರು. ಆ ದಿನ ಆ ಮನೆಯಲ್ಲಿ ನಡೆದ ಅತಿ ಒಳ್ಳೆಯ ಕೆಲಸ ಅದು. ಚಿಕ್ಕ ಮಕ್ಕಳಿಗೆ ಉಪ್ಪುನೀರು ಕುಡಿಸಿದರೆ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದು, ಜೀವವೂ ಹೋಗಬಹುದು. ನುಂಗಿದ ವಿಷಕ್ಕಿಂತ ಕುಡಿಸಿದ ಉಪ್ಪೇ ದೊಡ್ಡ ವಿಷ ಆಗುವುದುಂಟು. ಬೆರಳು ಹಾಕಿ ವಾಂತಿ ಮಾಡಿಸುವುದೂ ಬೇಡ. ಬಾಯಲ್ಲಿ ಉಳಿದದ್ದು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದರೆ ಸಾಕು.

ಇಲ್ಲಿ ಕಕ್ಕಿಸುವ ಅಗತ್ಯವೇ ಬೀಳಲಿಲ್ಲ. ಬೈಕು ಊರು ದಾಟುವ ಮೊದಲೇ ಮಗು ತಾನಾಗಿ ವಾಂತಿ ಮಾಡಿತು. ಕೆಂಪು ಮಿಶ್ರಿತ ಕಂದು ಬಣ್ಣ, ನಡುವೆ ಮಾತ್ರೆಯ ಚೂರು.

"ಎಷ್ಟು ನುಂಗಿತು?"

ಹತ್ತಿರದ ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳಿದ್ದು ಇದನ್ನೇ. ಕಬ್ಬಿಣಾಂಶದ ಮಾತ್ರೆಯಲ್ಲಿ ಇದು ಬರೀ ಫಾರಂ ತುಂಬುವ ಪ್ರಶ್ನೆ ಅಲ್ಲ, ಚಿಕಿತ್ಸೆಯ ದಾರಿಯೇ ಇದರ ಮೇಲೆ ನಿಂತಿದೆ.

ಲೆಕ್ಕ ಹೀಗೆ. 2018ರಲ್ಲಿ ಶುರುವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದ ಪ್ರಕಾರ ಗರ್ಭಿಣಿಗೆ ಕೊಡುವ ಕೆಂಪು ಮಾತ್ರೆ ಒಂದರಲ್ಲಿ 60 ಮಿಲಿಗ್ರಾಂ ಶುದ್ಧ ಕಬ್ಬಿಣ, ಜೊತೆಗೆ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಅದಕ್ಕೂ ಮೊದಲು ಬರುತ್ತಿದ್ದ ದೊಡ್ಡವರ ಮಾತ್ರೆಯಲ್ಲಿ 100 ಮಿಲಿಗ್ರಾಂ ಇತ್ತು. ಮೆಡಿಕಲ್ ಶಾಪಿನಲ್ಲಿ ಸಿಗುವ ಮಾತ್ರೆಗಳಲ್ಲಿ ಕಂಪನಿಗೊಂದು ಅಳತೆ. ಅದಕ್ಕೇ ಸ್ಟ್ರಿಪ್ ತಂದುಕೊಡಿ ಅನ್ನುವುದು. ಮಗುವಿನ ತೂಕದ ಪ್ರತಿ ಕೆಜಿಗೆ 20 ಮಿಲಿಗ್ರಾಂ ಒಳಗಿದ್ದರೆ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ. 20ರಿಂದ 60ರವರೆಗೆ ಹೊಟ್ಟೆ ಕೆಡುತ್ತದೆ, ಕಣ್ಣಿಟ್ಟು ನೋಡಬೇಕು. 60 ದಾಟಿದರೆ ಜೀವಕ್ಕೆ ಅಪಾಯ.

ತಾಯಿ ಹೇಳಿದಳು: "ದಿನಾ ಒಂದು ನುಂಗ್ತಿದ್ದೆ ಸಾರ್. ತಿಂಗಳ ಕೊನೆ. ನಾಲ್ಕೈದು ಉಳಿದಿದ್ವು ಅಷ್ಟೇ."

ಅಜ್ಜ ತಂದ ಸ್ಟ್ರಿಪ್‌ಗಳೂ ಅದನ್ನೇ ಹೇಳುತ್ತಿದ್ದವು. ಹತ್ತರ ಮೂರು ಸ್ಟ್ರಿಪ್, ಮೂರೂ ಖಾಲಿ. ಐದು ಮಾತ್ರೆ ಅಂದರೆ 300 ಮಿಲಿಗ್ರಾಂ. 12 ಕೆಜಿ ಮಗುವಿಗೆ ಕೆಜಿಗೆ 25. ವೈದ್ಯರು ಡ್ರಿಪ್ ಹಾಕಿ ನೋಡಿಕೊಳ್ಳಲು ಇಟ್ಟುಕೊಂಡರು. ಕೈಯಲ್ಲಿದ್ದ ಅಂಕಿಗೆ ಆ ತೀರ್ಮಾನ ಸರಿಯಾಗಿಯೇ ಇತ್ತು.

ಆದರೆ ಮಗುವಿನ ಹೊಟ್ಟೆ ಆ ಅಂಕಿಗೆ ಒಪ್ಪುತ್ತಿರಲಿಲ್ಲ. ಮಧ್ಯಾಹ್ನ ಎರಡರವರೆಗೆ ಮತ್ತೆ ಮತ್ತೆ ವಾಂತಿ. ಆಮೇಲೆ ಬೇಧಿ ಶುರುವಾಯಿತು, ಕಪ್ಪಗೆ, ನಡುವೆ ರಕ್ತದ ಎಳೆ. ಕಬ್ಬಿಣ ಜಾಸ್ತಿಯಾದರೆ ಹೊಟ್ಟೆ ಮತ್ತು ಕರುಳಿನ ಒಳಪದರವನ್ನು ಸುಡುತ್ತದೆ. ವಾಂತಿ, ರಕ್ತ, ಬೇಧಿ ಎಲ್ಲ ಆ ಸುಟ್ಟ ಗಾಯದಿಂದಲೇ. ಐದು ಮಾತ್ರೆಗೆ ಇಷ್ಟೊಂದಾ ಅಂತ ವೈದ್ಯರು ಎರಡು ಸಲ ಕೇಳಿದರಂತೆ. ಎರಡು ಸಲವೂ ಅದೇ ಉತ್ತರ. ಸುತ್ತ ಅವ್ವ, ಅಪ್ಪ, ಪಕ್ಕದ ಮನೆಯವರು. ಗಂಡ ಫೋನಿನ ಲೈನಿನಲ್ಲಿ. ಅಷ್ಟು ಜನರ ನಡುವೆ ಬೇರೆ ಉತ್ತರ ಹೇಗೆ ಬಂದೀತು?

ಮಗು "ಹುಷಾರಾದ" ಹೊತ್ತು

ಸಂಜೆ ನಾಲ್ಕೂವರೆಗೆ ವಾಂತಿ ನಿಂತಿತು. ಬೇಧಿಯೂ ನಿಂತಿತು. ಮಗು ಕಣ್ಣು ಬಿಟ್ಟು ಮಂಡಕ್ಕಿ ಕೇಳಿತು. ಮನೆಯವರಿಗೆಲ್ಲ ಜೀವ ಬಂದಂತಾಯಿತು. ಕತ್ತಲಾಗುವ ಮೊದಲು ಹೊರಡೋಣ, ಕಾಳು ಬೇರೆ ರಸ್ತೆಯಲ್ಲೇ ಐತೆ, ದೃಷ್ಟಿ ಆಗಿರಬೇಕು ಊರಿಗೆ ಹೋಗಿ ತೆಗೆಸೋಣ ಅಂತ ಮಾತು ನಡೆಯಿತು.

ಈ ಹೊತ್ತಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮಗು ಚೇತರಿಸಿಕೊಂಡ ಹಾಗೆ ಕಂಡರೆ ಅದು ಚೇತರಿಕೆಯೇ ಅಂತ ಅನಿಸುವುದು ಸಹಜ. ಕಬ್ಬಿಣದಲ್ಲಿ ಹಾಗಲ್ಲ. ಮೊದಲ ಆರು ಗಂಟೆ ಹೊಟ್ಟೆಯ ಗಲಾಟೆ. ಆಮೇಲೆ, ಸುಮಾರು ಆರರಿಂದ ಇಪ್ಪತ್ನಾಲ್ಕು ಗಂಟೆಯ ನಡುವೆ, ಮಗು ಸುಮ್ಮನಾಗುತ್ತದೆ. ಆಗ ಕಬ್ಬಿಣ ಕರುಳು ಬಿಟ್ಟು ರಕ್ತಕ್ಕೆ, ರಕ್ತದಿಂದ ಜೀವಕೋಶಗಳ ಒಳಕ್ಕೆ ಇಳಿಯುತ್ತಿರುತ್ತದೆ. ಕೋಶಕ್ಕೆ ಶಕ್ತಿ ಕೊಡುವ ಭಾಗವೇ ಕೆಡುತ್ತದೆ, ರಕ್ತದಲ್ಲಿ ಆಮ್ಲ ಏರುತ್ತದೆ. ಅದರ ಬೆನ್ನಿಗೆ ಬಿಪಿ ಬೀಳುವುದು, ಪ್ರಜ್ಞೆ ತಪ್ಪುವುದು, ಎರಡು ಮೂರು ದಿನದಲ್ಲಿ ಲಿವರ್ ಕೈಕೊಡುವುದು. ಮನೆಯವರು ನೆಮ್ಮದಿಯ ಉಸಿರು ಬಿಡುವ ಹೊತ್ತಿಗೇ ಒಳಗೆ ನಿಜವಾದ ಕೇಡು ಶುರುವಾಗಿರುತ್ತದೆ. ಹೀಗೆ ಮನೆಗೆ ಕರೆದುಕೊಂಡು ಹೋದ ಮಗು ಮರುದಿನ ಏಳದೇ ಹೋಗಬಹುದು.

ಗೊಂದಲ ಆಗಬಾರದು ಅಂತ ಇನ್ನೊಂದು ಮಾತು. ನುಂಗಿ ಆರು ಗಂಟೆ ಕಳೆದರೂ ವಾಂತಿ, ಬೇಧಿ, ಹೊಟ್ಟೆನೋವು ಏನೂ ಇಲ್ಲದೆ ಆಡಿಕೊಂಡಿರುವ ಮಗುವಿಗೆ ದೊಡ್ಡ ಅಪಾಯ ಇರುವುದಿಲ್ಲ. ಮೊದಲು ಚೆನ್ನಾಗಿ ವಾಂತಿ ಬೇಧಿ ಆಗಿ ಆಮೇಲೆ ಸುಮ್ಮನಾದ ಮಗುವಿನ ಲೆಕ್ಕ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಸುಮ್ಮನಾದ ಮಗುವಿನ ನಾಡಿ ಎಣಿಸಿದರೆ ಜೋರಾಗಿರುತ್ತದೆ, ಉಸಿರು ಬೇಗ ಬೇಗ ಇರುತ್ತದೆ. ಈ ಮಗುವಿನಲ್ಲೂ ಎರಡೂ ಇದ್ದವು. ವೈದ್ಯರು ಡಿಸ್ಚಾರ್ಜ್ ಮಾಡಲು ಒಪ್ಪದೇ ಇದ್ದದ್ದು ಅದಕ್ಕೇ.

ಆಶಾ ಅಕ್ಕ ಕೇಳಿದ ಪ್ರಶ್ನೆ

ಐದು ಗಂಟೆಗೆ ಊರಿನ ಆಶಾ ಕಾರ್ಯಕರ್ತೆ ಬಂದರು. ತಾಯಿಯನ್ನು ಲಂಗ ಹಾಕಿಕೊಂಡು ಓಡಾಡುವ ಕಾಲದಿಂದ ಬಲ್ಲವರು. ಮಗುವನ್ನು ನೋಡಿದರು, ಖಾಲಿ ಸ್ಟ್ರಿಪ್‌ಗಳನ್ನು ತಿರುಗಿಸಿ ನೋಡಿದರು. ಆಮೇಲೆ ತಾಯಿಯನ್ನು ನೀರಿನ ಟ್ಯಾಂಕಿನ ಹತ್ತಿರ ಒಬ್ಬಳನ್ನೇ ಕರೆದುಕೊಂಡು ಹೋದರು.

"ನೋಡವ್ವ, ನಾನು ಬೈಯಲ್ಲ, ಯಾರಿಗೂ ಹೇಳಲ್ಲ. ನುಂಗ್ತಿದ್ದ್ಯೋ ಇಲ್ವೋ ಅಷ್ಟು ಹೇಳು."

ತಾಯಿ ಅತ್ತಳು. ನುಂಗುತ್ತಿರಲಿಲ್ಲ.

ಮೊದಲ ಎರಡು ತಿಂಗಳು ನುಂಗಿದ್ದಾಳೆ. ಮಲಬದ್ಧತೆ ಶುರುವಾಯಿತು, ಮಲ ಕಪ್ಪಗಾಯಿತು, ಬೆಳಿಗ್ಗೆ ಎದ್ದರೆ ಹೊಟ್ಟೆ ತೊಳಸು. ಹಿರಿಯರು ಯಾರೋ "ಆ ಗುಳಿಗೆ ನುಂಗಿದ್ರೆ ಕೂಸು ಕಪ್ಪಗಾಗ್ತದೆ, ದಪ್ಪ ಆಗಿ ಹೆರಿಗೆ ಕಷ್ಟ ಆಗ್ತದೆ" ಅಂದರು. ಇದು ನಮ್ಮ ಕಡೆ ಊರೂರಲ್ಲಿ ಕೇಳುವ ಮಾತು. ಎರಡೂ ಸುಳ್ಳು. ಅವಳು ಬಿಟ್ಟಳು. ಆದರೆ ಗಂಡನ ಊರಿನ ತಪಾಸಣೆಯಲ್ಲಿ ತಿಂಗಳಿಗೊಮ್ಮೆ ಮಾತ್ರೆ ನುಂಗಿದೆಯಾ ಅಂತ ಕೇಳುತ್ತಾರೆ, ಖಾಲಿ ಸ್ಟ್ರಿಪ್ ತೋರಿಸಬೇಕು. ಅತ್ತೆಯೂ ಸ್ಟ್ರಿಪ್ ನೋಡುತ್ತಾರೆ. ಅದಕ್ಕೆ ದಿನಾ ಒಂದೊಂದು ಮಾತ್ರೆ ಬಿಡಿಸುವುದು, ಸ್ಟ್ರಿಪ್ ಖಾಲಿ ಮಾಡುವುದು. ಒಂದು ತಿಂಗಳಿನದ್ದು ತಿಪ್ಪೆಗೆ ಹೋಯಿತು. ಮುಂದಿನ ತಿಂಗಳು ಎಸೆಯಲು ಮನಸ್ಸು ಬರಲಿಲ್ಲ. ಔಷಧಿ ಅಲ್ವಾ, ಬಸುರಿ ಹೆಂಗಸು ಎಸೆಯಬಾರದು ಅನಿಸಿತು. ಆಮೇಲೆ ನುಂಗಿದರಾಯಿತು ಅಂತ ಸೋಂಪಿನ ಡಬ್ಬಿಗೆ ಹಾಕುತ್ತಾ ಹೋದಳು. ಬೆಳಿಗ್ಗೆ ಅಜ್ಜಿ ಕೂಗಿಕೊಂಡಾಗ ಗಾಬರಿಯಲ್ಲಿ ಡಬ್ಬಿ ಮುಚ್ಚಿ ಬ್ಯಾಗಿನ ತಳಕ್ಕೆ ತಳ್ಳಿದ್ದಳು.

ಅಂದರೆ ಡಬ್ಬಿಯಲ್ಲಿ ಇದ್ದದ್ದು ನಾಲ್ಕೈದಲ್ಲ, ಮೂವತ್ತು.

ಆಶಾ ಅಕ್ಕ ಮನೆಗೆ ಫೋನ್ ಮಾಡಿ ಎಣಿಸಲು ಹೇಳಿದರು. ಡಬ್ಬಿಯಲ್ಲಿ 8. ಮಂಚದ ಕೆಳಗೆ, ಚಾಪೆಯ ಮಡಿಕೆಯಲ್ಲಿ, ಬಣ್ಣ ಚೀಪಿ ಉಗುಳಿದ್ದು 5. ಉಳಿದದ್ದು 17. ಹದಿನೇಳನ್ನು 60ರಿಂದ ಗುಣಿಸಿದರೆ 1020 ಮಿಲಿಗ್ರಾಂ, ಮಗುವಿನ ತೂಕಕ್ಕೆ ಭಾಗಿಸಿದರೆ ಕೆಜಿಗೆ 85. ವಾಂತಿಯಲ್ಲಿ ಎಷ್ಟು ಹೋಗಿದೆ ಅಂತ ಯಾರಿಗೂ ಹೇಳಲಾಗದು, ಹಾಗಾಗಿ ಅದನ್ನು ಕಳೆಯುವ ಹಾಗಿಲ್ಲ. ನೋಡಿಕೊಳ್ಳಬೇಕಾದ ಕೇಸು ಒಂದೇ ನಿಮಿಷದಲ್ಲಿ ಜೀವ ಉಳಿಸಬೇಕಾದ ಕೇಸಾಯಿತು. ವೈದ್ಯರು ಕೂಡಲೇ ದಾವಣಗೆರೆಗೆ ಫೋನ್ ಮಾಡಿ 108 ಹತ್ತಿಸಿದರು.

ದೂರುವುದಾದರೆ ಯಾರನ್ನು ದೂರುವುದು? ತಾಯಿ ಸುಳ್ಳು ಹೇಳಿದಳು, ನಿಜ. ಆದರೆ ಅವಳು ಸುಳ್ಳು ಹೇಳಲು ಶುರು ಮಾಡಿದ್ದು ಆಸ್ಪತ್ರೆಯಲ್ಲಲ್ಲ, ತಿಂಗಳುಗಳ ಹಿಂದೆ, ಮಾತ್ರೆ ತಡೆಯುತ್ತಿಲ್ಲ ಅನ್ನಲು ಜಾಗವೇ ಇಲ್ಲದಾಗ. ನಾವು ಖಾಲಿ ಸ್ಟ್ರಿಪ್ ಕೇಳಿದೆವು, ಅವಳು ಖಾಲಿ ಸ್ಟ್ರಿಪ್ ಕೊಟ್ಟಳು. ಮಲಬದ್ಧತೆ ಇದೆಯಾ ಅಂತ ಕೇಳಿದ್ದರೆ ಬೇರೆ ಉತ್ತರ ಬರುತ್ತಿತ್ತೇನೋ.

ದಾವಣಗೆರೆಯಲ್ಲಿ

ರಾತ್ರಿ ಏಳರ ಸುಮಾರಿಗೆ ಮಗು ನಮ್ಮಲ್ಲಿಗೆ ಬಂತು. ಮಂಪರು, ಕೈಕಾಲು ತಣ್ಣಗೆ, ನಾಡಿ ಜೋರು. ಹೊಟ್ಟೆಯ ಎಕ್ಸ್‌ರೇಯಲ್ಲಿ ಬಿಳಿ ಚುಕ್ಕೆಗಳ ಒಂದು ಗುಂಪು ಕಾಣಿಸಿತು. ಕಬ್ಬಿಣ ಲೋಹ, ಮಾತ್ರೆ ಕರಗದೆ ಇದ್ದರೆ ಎಕ್ಸ್‌ರೇಯಲ್ಲಿ ಕಾಣುತ್ತದೆ. ಅಗಿದು ನುಂಗಿದ್ದು, ಕರಗಿ ಹೋದದ್ದು ಕಾಣುವುದಿಲ್ಲ. ಆದ್ದರಿಂದ ಎಕ್ಸ್‌ರೇ ತಿಳಿಯಾಗಿದ್ದರೆ ಏನೂ ಇಲ್ಲ ಅನ್ನುವ ಹಾಗಿಲ್ಲ. ರಕ್ತ ಪರೀಕ್ಷೆಯಲ್ಲಿ ಆಮ್ಲ ಏರಿತ್ತು. ಕಬ್ಬಿಣದ ಪ್ರಮಾಣ ನೋಡಲು ರಕ್ತ ಕಳಿಸಿದರೂ ವರದಿಗೆ ಕಾಯಲಿಲ್ಲ. ನುಂಗಿದ ನಾಲ್ಕರಿಂದ ಆರು ಗಂಟೆಯ ಒಳಗೆ ತೆಗೆದ ರಕ್ತದಲ್ಲಿ ಆ ಅಂಕಿ ಸರಿಯಾಗಿ ಸಿಗುತ್ತದೆ. ಆಮೇಲೆ ಕಬ್ಬಿಣ ಕೋಶಗಳ ಒಳಗೆ ಹೋಗಿಬಿಡುವುದರಿಂದ ರಕ್ತದಲ್ಲಿ ಕಡಿಮೆ ತೋರಿಸಿ ಮೋಸ ಮಾಡಬಹುದು. ಈ ಮಗು ಬಂದಾಗ ಎಂಟು ಗಂಟೆ ಕಳೆದಿತ್ತು.

ವಿಷದ ಕೇಸು ಅಂದ ತಕ್ಷಣ ಇದ್ದಿಲ ಪುಡಿ ಕುಡಿಸುತ್ತಾರೆ ಅಂತ ಕೆಲವರು ಕೇಳಿರುತ್ತಾರೆ. ಆಸ್ಪತ್ರೆಯ ಆ ಇದ್ದಿಲು ಕಬ್ಬಿಣವನ್ನು ಹಿಡಿಯುವುದಿಲ್ಲ. ಮೂಗಿನ ಕೊಳವೆಯಿಂದ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣ ಬಿಟ್ಟು ಕರುಳನ್ನು ಪೂರ್ತಿ ತೊಳೆದರು. ರಕ್ತಕ್ಕೆ ಹೋದ ಕಬ್ಬಿಣಕ್ಕೆ ಡೆಫೆರೋಕ್ಸಮಿನ್ ಅನ್ನುವ ಔಷಧಿ, ಕೆಜಿಗೆ ಗಂಟೆಗೆ 15 ಮಿಲಿಗ್ರಾಂ ಲೆಕ್ಕದಲ್ಲಿ ನರದ ಮೂಲಕ. ಇದು ಕಬ್ಬಿಣವನ್ನು ಕಟ್ಟಿಹಾಕಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ತಲಸ್ಸೇಮಿಯಾ ಅನ್ನುವ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ಇರುವ ಮಕ್ಕಳಿಗೆ ಪದೇ ಪದೇ ರಕ್ತ ಕೊಟ್ಟು ಕಬ್ಬಿಣ ಜಾಸ್ತಿ ಆಗುತ್ತದೆ, ಅವರಿಗೂ ಇದೇ ಔಷಧಿ ಬಳಸುತ್ತಾರೆ. ಹಾಗಾಗಿ ಆ ಮಕ್ಕಳನ್ನು ನೋಡುವ ದೊಡ್ಡ ಆಸ್ಪತ್ರೆಗಳಲ್ಲಿ ಇದು ಸಿಗುವ ಸಾಧ್ಯತೆ ಜಾಸ್ತಿ. ಬೇಗ ಕೊಟ್ಟರೆ ಬಿಪಿ ಬೀಳುತ್ತದೆ, ಪಂಪಿನಲ್ಲಿ ನಿಧಾನವಾಗಿ ಬಿಡಬೇಕು.

ರಾತ್ರಿ ಒಂದು ಗಂಟೆಯ ಹೊತ್ತಿಗೆ ಮೂತ್ರದ ಚೀಲದಲ್ಲಿ ಬಣ್ಣ ಬದಲಾಯಿತು. ಕಿತ್ತಳೆ ಮಿಶ್ರಿತ ಕೆಂಪು. ಅಜ್ಜಿ ರಕ್ತ ಅಂತ ಹೆದರಿದರು. ಹೊರಗೆ ಹೋಗುತ್ತಿರುವ ಕಬ್ಬಿಣದ ಬಣ್ಣ ಅಂತ ತಿಳಿಸಿ ಹೇಳಿದ ಮೇಲೆ ಬೆಳಗಿನವರೆಗೂ ಆ ಚೀಲವನ್ನೇ ನೋಡುತ್ತಾ ಕೂತಿದ್ದರು. ಬೆಳಗಿನ ಜಾವ ಬಿಪಿ ಒಮ್ಮೆ ಇಳಿಯಿತು, ಡ್ರಿಪ್ ಏರಿಸಿ ಸರಿ ಮಾಡಿದರು. ಮಾರನೇ ಸಂಜೆ ಆಮ್ಲ ಸರಿಹೋಯಿತು, ಮೂತ್ರದ ಬಣ್ಣ ತಿಳಿಯಾಯಿತು, ಔಷಧಿ ನಿಲ್ಲಿಸಿದರು. ಲಿವರ್ ಪರೀಕ್ಷೆಯಲ್ಲಿ ಸ್ವಲ್ಪ ಏರುಪೇರು ಕಂಡಿತ್ತು, ನಾಲ್ಕನೇ ದಿನಕ್ಕೆ ಇಳಿಯಿತು. ಆರನೇ ದಿನ ಮನೆಗೆ ಹೋದಳು.

ಹೋಗುವಾಗ ಒಂದು ಮಾತು ಬರೆದುಕೊಟ್ಟೆವು: ಮುಂದಿನ ಎರಡರಿಂದ ಎಂಟು ವಾರದೊಳಗೆ ಉಂಡದ್ದೆಲ್ಲ ವಾಂತಿಯಾದರೆ, ಹೊಟ್ಟೆ ಉಬ್ಬಿದರೆ, ತಕ್ಷಣ ಬರಬೇಕು. ಸುಟ್ಟ ಗಾಯ ಒಣಗುವಾಗ ಜಠರದ ಬಾಯಿ ಬಿಗಿದುಕೊಳ್ಳುವುದುಂಟು. ಈ ಮಗುವಿಗೆ ಹಾಗೇನೂ ಆಗಲಿಲ್ಲ.

ಸ್ಟ್ರಿಪ್ ಯಾಕೆ ಮುಖ್ಯ

ಕಬ್ಬಿಣಾಂಶದ ಮಾತ್ರೆ ಒಂದು ಕಾಲದಲ್ಲಿ ಅಮೆರಿಕದಲ್ಲೂ ಚಿಕ್ಕ ಮಕ್ಕಳನ್ನು ಕೊಂದಿದೆ, ಅದೂ ವಿಷ ಸೇವನೆಯ ಸಾವುಗಳಲ್ಲಿ ಮುಂದಿನ ಸಾಲಿನಲ್ಲಿ. 1997ರಲ್ಲಿ ಅಲ್ಲಿ ಒಂದು ನಿಯಮ ಬಂತು. ಒಂದು ಮಾತ್ರೆಯಲ್ಲಿ 30 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಕಬ್ಬಿಣ ಇದ್ದರೆ ಒಂದೊಂದೇ ಬಿಡಿಸಿಕೊಳ್ಳುವ ಪ್ಯಾಕಿನಲ್ಲೇ ಮಾರಬೇಕು. ಸಾವುಗಳು ತೀರಾ ಇಳಿದವು. 2003ರಲ್ಲಿ ಕೋರ್ಟು ಆ ನಿಯಮ ತೆಗೆದುಹಾಕಿದರೂ ಆ ಇಳಿಕೆ ಅಲ್ಲಿ ಎಲ್ಲರ ಕಣ್ಣಿಗೆ ಬಿದ್ದಿತ್ತು. ಕಾರಣ ಸರಳ. ಎರಡು ವರ್ಷದ ಮಗು ಹಾಳೆಯೊಳಗಿನ ಮಾತ್ರೆಯನ್ನು ಒತ್ತಿ ತೆಗೆಯಬಲ್ಲದು, ಆದರೆ ಒಂದೊಂದಕ್ಕೂ ಹೊತ್ತು ಹಿಡಿಯುತ್ತದೆ. ಮೂರು ನಾಲ್ಕು ತೆಗೆಯುವಷ್ಟರಲ್ಲಿ ಬೇಸರ ಬರುತ್ತದೆ, ಇಲ್ಲವೇ ಯಾರಾದರೂ ನೋಡುತ್ತಾರೆ.

ನಮ್ಮ ಸರ್ಕಾರಿ ಮಾತ್ರೆಯೂ ಸ್ಟ್ರಿಪ್ಪಿನಲ್ಲೇ ಬಂದಿತ್ತು. ಡಬ್ಬಿಗೆ ಸುರಿದ ಮೇಲೆ ಆ ಕಾವಲು ಹೋಯಿತು. ಅಜ್ಜ ಅಜ್ಜಿಯರ ಬಿಪಿ, ಶುಗರ್ ಮಾತ್ರೆಗಳಿಗೂ ಇದೇ ಕಥೆ. ಕೈ ನಡುಗುತ್ತದೆ, ಸ್ಟ್ರಿಪ್ ಹರಿಯಲು ಆಗುವುದಿಲ್ಲ ಅಂತ ಒಂದು ವಾರದ್ದನ್ನು ಬಿಡಿಸಿ ಸ್ಟೀಲ್ ಬಟ್ಟಲಲ್ಲಿ ಹಾಕಿ ಟಿವಿ ಮೇಲಿಡುತ್ತಾರೆ. ಶುಗರ್ ಮಾತ್ರೆಗಳಲ್ಲಿ ಕೆಲವು ಒಂದೇ ಒಂದು ಸಾಕು, ಚಿಕ್ಕ ಮಗುವಿನ ರಕ್ತದ ಸಕ್ಕರೆ ಕುಸಿಯಲು.

ಇನ್ನು ಎತ್ತರದ ಮಾತು. ಎತ್ತರದಲ್ಲಿಡಿ ಅನ್ನುವುದು ಅರ್ಧ ಸಲಹೆ. ಎರಡೂವರೆ ವರ್ಷದ ಮಗು ಕುರ್ಚಿ ಎಳೆದುಕೊಂಡು ಹತ್ತುತ್ತದೆ. ಅದಕ್ಕಿಂತ ಮುಖ್ಯವಾಗಿ, ಊರಿಗೆ ಬಂದವರ ಬ್ಯಾಗು ಯಾವಾಗಲೂ ನೆಲದ ಮೇಲೇ ಇರುತ್ತದೆ. ತವರಿಗೆ ಬಂದ ಮಗಳು, ಜಾತ್ರೆಗೆ ಬಂದ ನೆಂಟರು, ಆಸ್ಪತ್ರೆಗೆ ತೋರಿಸಲು ಬಂದು ಉಳಿದುಕೊಂಡ ಅತ್ತೆ ಮಾವ, ಎಲ್ಲರ ಬ್ಯಾಗಿನಲ್ಲೂ ಮಾತ್ರೆ. ಆ ದಿನಗಳಲ್ಲಿ ಮನೆಯಲ್ಲಿ ಜನ ತುಂಬಿರುತ್ತಾರೆ, ಮಗುವನ್ನು ಯಾರೋ ಒಬ್ಬರು ನೋಡಿಕೊಳ್ಳುತ್ತಿದ್ದಾರೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಬಂದ ದಿನವೇ ಬ್ಯಾಗನ್ನು ಬೀರುವಿಗೆ ಹಾಕಿ ಕೀಲಿ ತಿರುಗಿಸುವುದು ಯಾವ ಪೋಸ್ಟರಿಗಿಂತಲೂ ಉಪಯೋಗದ್ದು.

ಮಕ್ಕಳಿಗೆ ಔಷಧಿ ಕುಡಿಸುವಾಗ "ಇದು ಚಾಕಲೇಟು" ಅನ್ನುವುದನ್ನು ನಾನಂತೂ ವಾರ್ಡಿನಲ್ಲಿ ಯಾರಿಗೂ ಹೇಳಲು ಬಿಡುವುದಿಲ್ಲ. ಸೋಂಪಿನ ಡಬ್ಬಿಯಲ್ಲಿ ಮಾತ್ರೆ ಇಡುವುದೂ, ಮಾತ್ರೆಗೆ ಚಾಕಲೇಟು ಅನ್ನುವುದೂ ಮಗುವಿಗೆ ಒಂದೇ ಪಾಠ ಕಲಿಸುತ್ತವೆ. ತಂಪು ಪಾನೀಯದ ಬಾಟಲಿಗೆ ಥಿನ್ನರ್, ಸೀಮೆಎಣ್ಣೆ, ಜೋಳಕ್ಕೆ ಹೊಡೆಯುವ ಔಷಧಿ ಸುರಿದಿಡುವುದೂ ಅದೇ ಜಾತಿಗೆ ಸೇರಿದ್ದು. ಬಿತ್ತನೆಗೆ ತಂದ ಬಣ್ಣ ಹಚ್ಚಿದ ಮೆಕ್ಕೆಜೋಳದ ಬೀಜ, ಹರಳು ಬೀಜ, ಡಾಂಬರು ಗುಳಿಗೆ, ಕರ್ಪೂರ, ಇಲಿ ಪಾಷಾಣ, ಇವೂ ಮಕ್ಕಳ ಬಾಯಿಗೆ ಹೋಗುತ್ತವೆ. ಒಂದೊಂದರ ಚಿಕಿತ್ಸೆಯೂ ಬೇರೆ. ಸೀಮೆಎಣ್ಣೆ, ಥಿನ್ನರ್ ಕುಡಿದ ಮಗುವನ್ನು ಕಕ್ಕಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಹಾಗಾಗಿ ಮನೆಯಲ್ಲಿ ಯಾವ ಪ್ರಯೋಗವೂ ಬೇಡ. ಪ್ಯಾಕೆಟ್, ಸ್ಟ್ರಿಪ್, ಬಾಟಲಿ ಏನಿದೆಯೋ ಅದನ್ನು ಎತ್ತಿಕೊಂಡು ಹೊರಡಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ನಂಬರು 1800 116 117, ಹಗಲು ರಾತ್ರಿ ಕರೆ ಮಾಡಬಹುದು. ಮಗು ಮಂಪರಿನಲ್ಲಿದ್ದರೆ, ಫಿಟ್ಸ್ ಬಂದರೆ, ಉಸಿರಾಟ ಕಷ್ಟವಾದರೆ ಅದಕ್ಕೆಲ್ಲ ಕಾಯದೆ 108.

ಮಾತ್ರೆಯನ್ನು ಬೈಯಬೇಡಿ

ಈ ಕೇಸು ಊರಲ್ಲಿ ಹರಡಿದ ಮೇಲೆ ಇಬ್ಬರು ಬಸುರಿಯರು ಕೆಂಪು ಮಾತ್ರೆ ವಾಪಸ್ ಕೊಟ್ಟರಂತೆ. ಇದು ನನಗೆ ಇನ್ನೂ ಭಯ ಹುಟ್ಟಿಸಿದ ಸುದ್ದಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019-21) ದೇಶದ ಗರ್ಭಿಣಿಯರಲ್ಲಿ ಶೇ 52 ಮಂದಿಗೆ ರಕ್ತಹೀನತೆ ಇತ್ತು. ರಕ್ತ ಕಡಿಮೆ ಇರುವ ತಾಯಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ಜೀವಕ್ಕೆ ಬರುತ್ತದೆ. ಮಾತ್ರೆ ಬೇಕೇ ಬೇಕು.

ತಡೆಯದಿದ್ದರೆ ದಾರಿಗಳಿವೆ. ರಾತ್ರಿ ಊಟ ಆದ ಮೇಲೆ ನುಂಗಿ ಮಲಗಿದರೆ ತೊಳಸು ಕಡಿಮೆ. ಚಹಾ, ಕಾಫಿ, ಹಾಲಿನ ಜೊತೆ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಬೇಕು. ನಿಂಬೆಹಣ್ಣಿನ ಪಾನಕ ಒಳ್ಳೆಯದು. ಮಲ ಕಪ್ಪಗಾದರೆ ಗಾಬರಿ ಬೇಡ, ಮೈಗೆ ಹತ್ತದೆ ಉಳಿದ ಕಬ್ಬಿಣದ ಬಣ್ಣ ಅದು. ಮಲಬದ್ಧತೆಗೆ ನೀರು, ಸೊಪ್ಪು, ಬಾಳೆಹಣ್ಣು. ಅಷ್ಟಕ್ಕೂ ಆಗದಿದ್ದರೆ ಬಾಯಿಬಿಟ್ಟು ಹೇಳಬೇಕು, ವೈದ್ಯರು ಬೇರೆ ತರಹದ್ದು ಬರೆದುಕೊಡುತ್ತಾರೆ. ಉಳಿದ ಮಾತ್ರೆಯನ್ನು ವಾಪಸ್ ಕೊಟ್ಟರೆ ಬೈಯದೆ ತೆಗೆದುಕೊಳ್ಳುವುದು ನಮ್ಮ ಕೆಲಸ.

ಆಶಾ ಅಕ್ಕ ಈಗ ಖಾಲಿ ಸ್ಟ್ರಿಪ್ ಕೇಳುವುದನ್ನು ಬಿಟ್ಟಿದ್ದಾರೆ. "ಎಷ್ಟು ಉಳಿದವೆ, ತಾ ನೋಡೋಣ" ಅಂತ ಕೇಳುತ್ತಾರೆ. ನಮ್ಮ ವಾರ್ಡಿನಲ್ಲಿ ವಿಷದ ಕೇಸು ಬಂದರೆ ಮಗುವಿನ ಜೊತೆ ಬಂದವರನ್ನು ಒಬ್ಬೊಬ್ಬರನ್ನೇ ಕರೆದು ಮಾತಾಡಿಸುತ್ತೇವೆ, ತಾಯಿಯನ್ನು ಮೊದಲು, ಬಾಗಿಲು ಹಾಕಿಕೊಂಡು. ಹೇಳಿದ ಅಂಕಿಗೂ ಮಗುವಿನ ಸ್ಥಿತಿಗೂ ಹೊಂದದಿದ್ದರೆ ಮಗುವನ್ನೇ ನಂಬುತ್ತೇವೆ.

ತಾಯಿಗೆ ಮುಂದಿನ ತಿಂಗಳು ಗಂಡು ಮಗು ಹುಟ್ಟಿತು. ಹೆರಿಗೆ ಆದ ಮೇಲೂ 180 ದಿನ ಅದೇ ಕೆಂಪು ಮಾತ್ರೆ ನುಂಗಬೇಕು. ಅಂದರೆ ಚಿಕ್ಕದು ಅಂಬೆಗಾಲಿಡುವ ಹೊತ್ತಿಗೂ ಮನೆಯಲ್ಲಿ ಮಾತ್ರೆ ಇರುತ್ತದೆ, ದೊಡ್ಡದಕ್ಕೆ ಮೂರು ತುಂಬಿ ಕೈ ಇನ್ನೂ ಮೇಲಕ್ಕೆ ಎಟುಕುತ್ತದೆ. ಲಸಿಕೆಗೆ ಬಂದಾಗ ಕೇಳಿದೆ. ಸ್ಟ್ರಿಪ್ ಬಿಡಿಸದೆ ಅಜ್ಜಿಯ ಟ್ರಂಕಿನಲ್ಲಿಟ್ಟಿದ್ದಾರಂತೆ. ಬೀಗದ ಕೈ ಅಜ್ಜಿಯ ಸೊಂಟದಲ್ಲಿ, ರಾತ್ರಿ ಊಟದ ಮೇಲೆ ಒಂದು ಮಾತ್ರೆ ತೆಗೆದು ಮಗಳ ಕೈಗೆ ಕೊಟ್ಟು, ನುಂಗುವವರೆಗೂ ಅಲ್ಲೇ ನಿಂತಿರುತ್ತಾರಂತೆ. ಮಗಳಿಗೆ ಅದು ಕಿರಿಕಿರಿ. ಆದರೆ ಅವಳ ಹಿಮೋಗ್ಲೋಬಿನ್ ಈಗ 11 ದಾಟಿದೆ.